ಮೊದಲು ಹೋದದ್ದು ಸಿಗಡಿ

ಜೂನ್ ಎರಡನೇ ವಾರ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯಲು ಬಿಟ್ಟು ಬಂದು ನಡುಮನೆಯ ಮೀನಿನ ಟ್ಯಾಂಕಿನ ಲೈಟು ಹಾಕಿದೆ. ಕಲ್ಲಿನ ಸಂದಿಯಲ್ಲಿ ಸದಾ ಬಿಳಿ ಮೀಸೆ ಆಡಿಸುತ್ತಾ ನಿಂತಿರುತ್ತಿದ್ದ ಕ್ಲೀನರ್ ಸಿಗಡಿ ಮರಳಿನ ಮೇಲೆ ಅಡ್ಡ ಬಿದ್ದಿತ್ತು. ಪೊರೆ ಬಿಟ್ಟಿರಬೇಕು ಅಂದುಕೊಂಡೆ. ಸಿಗಡಿ ಪೊರೆ ಕಳಚಿದಾಗ ಖಾಲಿ ಚಿಪ್ಪು ಥೇಟ್ ಸತ್ತ ಸಿಗಡಿಯ ಹಾಗೇ ಕಾಣುತ್ತದೆ. ಇಕ್ಕಳದಲ್ಲಿ ಮೆಲ್ಲಗೆ ಎತ್ತಿದೆ. ತೂಕವಿತ್ತು. ಪೊರೆಗೆ ತೂಕ ಇರುವುದಿಲ್ಲ.

ನಮ್ಮ ಮನೆ ಇರುವುದು ಚಿಕ್ಕಮಗಳೂರು ಪೇಟೆಯಲ್ಲಿ. ಸಮುದ್ರ ನೋಡಬೇಕಾದರೆ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನವರೆಗೆ ಹೋಗಬೇಕು. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ ಈ ಊರಿನಲ್ಲಿ ಉಪ್ಪುನೀರಿನ ಹವಳದ ಟ್ಯಾಂಕು ಇಡುತ್ತೇನೆಂದು ಹಟ ಹಿಡಿದವನು ನನ್ನ ಮಗ. ಆಗ ಪಿಯುಸಿ ಓದುತ್ತಿದ್ದ. 2021ರ ದೀಪಾವಳಿ ರಜೆಯಲ್ಲಿ ಶುರುವಾಯಿತು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, ಅಂದರೆ ಸುಮಾರು 250 ಲೀಟರ್. ಕೆಳಗಿನ ಕಪಾಟಿನಲ್ಲಿ ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಸ್ಕಿಮ್ಮರ್, ಹೀಟರ್, ಪಂಪು ಇಡುವ ಇನ್ನೊಂದು ಗಾಜಿನ ತೊಟ್ಟಿ. 2023ರಲ್ಲಿ ಅವನು ಇಂಜಿನಿಯರಿಂಗ್ ಅಂತ ಬೆಂಗಳೂರಿಗೆ ಹೊರಟ. ಟ್ಯಾಂಕು ನನ್ನ ಪಾಲಿಗೆ ಬಂತು.

ಬಂದದ್ದನ್ನು ನಾನು ಮನಸ್ಸಿಟ್ಟು ಕಲಿತೆ. ಅಡುಗೆ ಮಾಡುವವರಿಗೆ ಇದರಲ್ಲಿ ಅರ್ಧ ವಿಷಯ ತಾನಾಗಿ ತಿಳಿಯುತ್ತದೆ. ಸಾರು ಬತ್ತಿದರೆ ಉಪ್ಪಾಗುತ್ತದಲ್ಲ, ಹಾಗೇ ಟ್ಯಾಂಕಿನಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ದಿನಾ ಕಡಿಮೆಯಾದಷ್ಟು ಆರ್‌ಒ ಸಿಹಿನೀರನ್ನೇ ತುಂಬಬೇಕು. ಹದಿನೈದು ದಿನಕ್ಕೊಮ್ಮೆ ನಲವತ್ತು ಲೀಟರ್ ಹಳೆ ನೀರು ತೆಗೆದು ಹೊಸ ಉಪ್ಪುನೀರು ಹಾಕಬೇಕು. ಅದಕ್ಕೆ ಅಡುಗೆ ಉಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸಮುದ್ರದ ಲೆಕ್ಕದಲ್ಲೇ ಬೆರೆಸಿದ ಉಪ್ಪು ಬೇರೆ ಬರುತ್ತದೆ, ನಲವತ್ತು ಲೀಟರಿಗೆ ಸುಮಾರು ಒಂದೂವರೆ ಕೆಜಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ನೀಲಿ ಬಿಳುಪಿನ ಗೆರೆ 35ರ ಮೇಲೆ, ಅಂದರೆ ಸಾವಿರಕ್ಕೆ 35 ಪಾಲು ಉಪ್ಪಿನ ಗುರುತಿನ ಮೇಲೆ ನಿಲ್ಲಬೇಕು. ಬೆಂಗಳೂರಿನಲ್ಲಿ ಟ್ಯಾಂಕು ಇಟ್ಟವರು ಬೇಸಿಗೆಯಲ್ಲಿ ನೀರು ತಣಿಸಲು ಒದ್ದಾಡುತ್ತಾರಂತೆ. ನಮ್ಮಲ್ಲಿ ಮಳೆಗಾಲ, ಚಳಿಗಾಲ ಎರಡಕ್ಕೂ ಹೀಟರ್ ಬೇಕು.

ಹವಳ ಅಂದ ತಕ್ಷಣ ಕೆಲವರು ಮುಖ ನೋಡುತ್ತಾರೆ, ಅದಕ್ಕೆ ಒಂದು ಮಾತು. ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಅವು ನಮ್ಮ ಟ್ಯಾಂಕಿಗೆ ಯಾವತ್ತೂ ಬಂದಿಲ್ಲ. ಸಮುದ್ರದಿಂದ ಎತ್ತಿದ ಕಲ್ಲೂ ಬಂದಿಲ್ಲ. ನಮ್ಮಲ್ಲಿದ್ದದ್ದು ಮೆತ್ತನೆಯ ಜಾತಿಗಳು: ಅಂಗೈ ಅಗಲದ ಅಣಬೆಯಂಥ ಟೋಡ್‌ಸ್ಟೂಲ್ ಒಂದು, ಗುಂಡಿಗಳ ಹಾಗೆ ಕಲ್ಲಿಗೆ ಹತ್ತಿ ಬೆಳೆಯುವ ಜೋಆಂಥಸ್, ಹಸಿರು ಮಶ್ರೂಮ್ ನಾಲ್ಕಾರು. ಮೀನುಗಳೂ ಕಡಿಮೆ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಜೋಡಿ, ಒಂದು ಫೈರ್‌ಫಿಶ್. ಕ್ಲೌನ್‌ಗಳು ಸಮುದ್ರದಲ್ಲಿ ಹಿಡಿದವಲ್ಲ, ಟ್ಯಾಂಕಿನಲ್ಲೇ ಹುಟ್ಟಿದವು. ಅವನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೇ ರೂಪಿಸಿದ್ದಾರೆ. ಈ ಮೀನುಗಳಲ್ಲಿ ಎಲ್ಲವೂ ಹುಟ್ಟುವುದು ಗಂಡಾಗಿ, ಗುಂಪಿನಲ್ಲಿ ದೊಡ್ಡದಾದದ್ದು ಹೆಣ್ಣಾಗುತ್ತದೆ. ನಮ್ಮ ದೊಡ್ಡವಳು ಟ್ಯಾಂಕಿಗೆ ಕೈ ಹಾಕಿದರೆ ಬಂದು ಕಚ್ಚುತ್ತಾಳೆ. ನೋವಾಗುವುದಿಲ್ಲ, ಚಿವುಟಿದ ಹಾಗೆ.

ಸಿಗಡಿ ಸತ್ತ ವಾರಕ್ಕೆ ಬಸವನಹುಳುಗಳು ಗಾಜಿನಿಂದ ಜಾರಿ ಬೀಳತೊಡಗಿದವು. ರಾತ್ರಿಯಿಡೀ ಗಾಜಿನ ಪಾಚಿ ಮೇಯುತ್ತಿದ್ದವು, ಬೆಳಿಗ್ಗೆ ಮರಳಿನಲ್ಲಿ ಬಾಯಿ ಮೇಲಾಗಿ ಬಿದ್ದಿರುತ್ತಿದ್ದವು. ಮಗುಚಿ ಇಟ್ಟರೆ ಮತ್ತೆ ಬೀಳುತ್ತಿದ್ದವು. ಹನ್ನೊಂದರಲ್ಲಿ ಒಂಬತ್ತು ಹೋದವು. ಆಮೇಲೆ ಜೋಆಂಥಸ್ ಮುಚ್ಚಿಕೊಂಡಿತು. ಟೋಡ್‌ಸ್ಟೂಲ್ ಕುಗ್ಗಿ ಒಣಗಿದ ಹಲಸಿನ ತೊಳೆಯ ಹಾಗಾಯಿತು. ಅದು ಆಗಾಗ ಮೇಣದಂಥ ಪೊರೆ ಬಿಡುತ್ತದೆ, ಆಗ ನಾಲ್ಕೈದು ದಿನ ಮುದುಡಿರುವುದು ಸಹಜ. ಈ ಸಲವೂ ಅಷ್ಟೇ ಎಂದು ಕಾದೆ. ಮೇಯುವ ಹುಳುಗಳೇ ಇಲ್ಲವಾದ ಮೇಲೆ ಪಾಚಿಗೆ ತಡೆ ಯಾರು? ಜುಲೈ ಮೊದಲ ವಾರಕ್ಕೆ ಕಲ್ಲಿನ ಮೇಲೆಲ್ಲ ಹಸಿರು ಕೂದಲು ಬೆಳೆದಂತೆ ಪಾಚಿ. ಕೊಳೆಯಿಂದ ನೀರಿನಲ್ಲಿ ಕೂಡುವ ನೈಟ್ರೇಟ್ ನೋಡಿದರೆ ಲೀಟರಿಗೆ ಐವತ್ತು ಮಿಲಿಗ್ರಾಂ. ಮೊದಲು ಹತ್ತು ದಾಟುತ್ತಿರಲಿಲ್ಲ.

ಇಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನೀರು ಕೆಟ್ಟಿದೆ ಎಂದು ನೀರು ಬದಲಿಸಿದೆ. ವಾರಕ್ಕೊಮ್ಮೆ ಬದಲಿಸಿದೆ. ಬದಲಿಸಿದ ಮರುದಿನ ಎಲ್ಲವೂ ಇನ್ನಷ್ಟು ಮುದುಡುತ್ತಿದ್ದವು. ಅದು ಕಣ್ಣೆದುರೇ ಇತ್ತು. ನನಗೆ ಕಾಣಲಿಲ್ಲ.

ಅಷ್ಟರಲ್ಲಿ ಪುಷ್ಯ ಮಳೆ ಹಿಡಿಯಿತು. ಗಾಳಿಗೆ ಎಲ್ಲೋ ಮರ ಬಿದ್ದು ಲೈನ್ ಹರಿದು, ಮಧ್ಯಾಹ್ನ ಎರಡಕ್ಕೆ ಹೋದ ಕರೆಂಟು ಬಂದದ್ದು ಮರುದಿನ ರಾತ್ರಿ ಒಂಬತ್ತಕ್ಕೆ. ಮನೆಗೆಲ್ಲ ಒಂದೇ ಇನ್ವರ್ಟರ್, ಹತ್ತು ಗಂಟೆಗೆ ಕೈಕೊಟ್ಟಿತು. ಪಂಪು ನಿಂತರೆ ನೀರಿನಲ್ಲಿ ಉಸಿರು ಕಡಿಮೆಯಾಗುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ನಮ್ಮಂಥ ಎತ್ತರದ ಊರಿನಲ್ಲಿ ಗಾಳಿಯ ಒತ್ತಡವೇ ಕಡಿಮೆಯಾದ್ದರಿಂದ ಹತ್ತರಲ್ಲಿ ಒಂದು ಪಾಲು ಇನ್ನೂ ಕಮ್ಮಿ. ಮಗ ಫೋನಿನಲ್ಲಿ ಹೇಳಿದ ಹಾಗೆ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ಮೊಗೆದು ಒಂದಡಿ ಮೇಲಿಂದ ಸುರಿಯುತ್ತಾ ಕುಳಿತೆ. ಗಾಜಿಗೆ ಎರಡು ಕಂಬಳಿ ಸುತ್ತಿದೆ. ರಾತ್ರಿ ಎರಡು ಗಂಟೆಗೆ ಅತ್ತೆ ಎದ್ದು ಬಂದರು. ಅವರಿಗೆ ಎಪ್ಪತ್ತನಾಲ್ಕು.

"ನೀ ಹೋಗಿ ಒಂದು ಗಳಿಗೆ ಬೆನ್ನು ನೆಟ್ಟಗೆ ಮಾಡ್ಕೊಳ್ಳೇ. ನಾನ್ ಸುರೀತೀನಿ."

"ಕೈ ನೋಯುತ್ತೆ ಅತ್ತೆ."

"ನೋಯ್ಲಿ."

ಸ್ಟೂಲಿನ ಮೇಲೆ ಕುಳಿತು ವಿಷ್ಣು ಸಹಸ್ರನಾಮ ಹಿಡಿದರು, ನಾಮಕ್ಕೊಂದು ಮಗ್ಗು. ನಾನು ಸೋಫಾದಲ್ಲಿ ಒರಗಿ ಆ ನೀರಿನ ಸದ್ದು ಕೇಳುತ್ತಲೇ ಇದ್ದೆ. ಬೆಳಿಗ್ಗೆ ನೀರು 20 ಡಿಗ್ರಿಗೆ ಇಳಿದಿತ್ತು. ಕ್ಲೌನ್ ಜೋಡಿ ಉಳಿಯಿತು, ಫೈರ್‌ಫಿಶ್ ಉಳಿಯಲಿಲ್ಲ.

ಇನ್ನು ಈ ಟ್ಯಾಂಕನ್ನು ಏನು ಮಾಡುವುದು ಎಂಬ ಮಾತು ಮನೆಯಲ್ಲಿ ಎದ್ದದ್ದು ಆಗ. ಎಲ್ಲರೂ ಕರೆಂಟನ್ನೇ ದೂರಿದರು. ಸಿಗಡಿ ಸತ್ತದ್ದು ಕರೆಂಟು ಹೋಗುವುದಕ್ಕೆ ಒಂದು ತಿಂಗಳು ಮುಂಚೆ ಅನ್ನುವುದು ಯಾರ ತಲೆಗೂ ಹೋಗಲಿಲ್ಲ, ನನ್ನದಕ್ಕೂ.

"ಅಮ್ಮ, ಸಾಕು," ಅಂದ ಮಗ. "ನೀನೊಬ್ಳೇ ಎಷ್ಟು ಅಂತ ಮಾಡ್ತೀಯ. ಮೀನು ಎರಡನ್ನೂ ಇಲ್ಲಿ ನನ್ನ ಫ್ರೆಂಡ್ ತಗೋತಾನೆ. ಮುಚ್ಚಿಬಿಡೋಣ." ಅವನ ದನಿಯಲ್ಲಿ ಬೇಸರ ಇರಲಿಲ್ಲ, ನನ್ನ ಮೇಲಿನ ಕನಿಕರವಿತ್ತು. ಅದು ನನಗೆ ಹೆಚ್ಚು ತಾಗಿತು. ನಮ್ಮ ಯಜಮಾನರು ಆಲ್ದೂರು ಹತ್ತಿರದ ತೋಟದಿಂದ ಸಂಜೆ ಬಂದು, "ಬೇಕೇ ಬೇಕು ಅಂದ್ರೆ ಎಲ್ಲಾ ತೆಗೆದು ಹೊಸದಾಗಿ ಶುರು ಮಾಡು. ಈ ಹಳೇದನ್ನ ಎಳೆದಾಡ್ಬೇಡ" ಅಂದರು. ಮಗಳು ಕರೆಂಟು ಬಿಲ್ಲು ತಂದಿಟ್ಟಳು. ಹೀಟರ್, ಲೈಟು, ಪಂಪು ಸೇರಿ ಮಳೆಗಾಲದಲ್ಲಿ ಟ್ಯಾಂಕಿಗೇ ತಿಂಗಳಿಗೆ ನೂರೈವತ್ತು ಯೂನಿಟ್ ಹತ್ತಿರ. ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು, ಮತ್ತು ನಾವು ದಾಟುತ್ತಲೇ ಇದ್ದೆವು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ನನಗೆ ಮುಚ್ಚಲು ಮನಸ್ಸಿಲ್ಲ. ಹಾಗಂತ ದಿನಾ ಬೆಳಿಗ್ಗೆ ಲೈಟು ಹಾಕಲು ಭಯ. ಹತ್ತು ದಿನ ಹೀಗೇ ಕಳೆಯಿತು. ಕೊನೆಗೆ ಯಜಮಾನರ ಮಾತೇ ಸರಿ ಅನ್ನಿಸಿತು. ಕ್ಲೌನ್‌ಗಳನ್ನೂ ಉಳಿದ ಹವಳವನ್ನೂ ಒಂದು ಟಬ್ಬಿನಲ್ಲಿಟ್ಟು, ಕಲ್ಲುಗಳ ಪಾಚಿ ಕೊಂದು ತೊಳೆದು, ಅದೇ ಕಲ್ಲು, ಅದೇ ಮರಳು, ಅದೇ ಸಾಮಾನಿನಲ್ಲಿ ಹೊಸ ನೀರು ತುಂಬಿ ಶುರು ಮಾಡುವುದು ಎಂದು ಗಟ್ಟಿ ಮಾಡಿಕೊಂಡೆ.

"ಕಲ್ಲು ತಾನೆ, ಬಚ್ಚಲ ಹಂಡೇಲಿ ಹಾಕಿ ಕುದಿಸಿಬಿಡು," ಅಂದರು ಅತ್ತೆ. ಮಗನಿಗೆ ಇದನ್ನು ಹೇಳಿದಾಗ ಅವನು ಕ್ಲಾಸಿನಿಂದ ಎದ್ದು ಹೊರಗೆ ಬಂದು ಮಾತಾಡಿದ. ಕುದಿಸಲೇಬಾರದಂತೆ. ಜೋಆಂಥಸ್ ಜಾತಿಯ ಕೆಲವು ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಅವು ಹತ್ತಿದ ಕಲ್ಲನ್ನು ಮನೆಯೊಳಗೆ ಕುದಿಸಿ, ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಘಟನೆಗಳು ಹೊರದೇಶಗಳಲ್ಲಿ ನಡೆದಿವೆ. ಬ್ರಷ್ಷಿನಿಂದ ಉಜ್ಜುವಾಗಲೂ ಕೈಗವಸು, ಕನ್ನಡಕ ಬೇಕು. ಹವಳದ ಟ್ಯಾಂಕು ಇಟ್ಟಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಹಿತ್ತಲ ಜಗಲಿಯಲ್ಲಿ ಅತ್ತೆ ಕಲಶದ ಚೊಂಬು, ತಟ್ಟೆ, ಉದ್ಧರಣೆ ಎಲ್ಲ ಹರಡಿಕೊಂಡು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಪಕ್ಕದಲ್ಲೇ ನಾನು ಡ್ರಮ್ಮಿನಲ್ಲಿ ಉಪ್ಪುನೀರು ಕಲಸಲು ಬಿಟ್ಟಿದ್ದೆ. ಐವತ್ತು ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಒಳಗೊಂದು ಸಣ್ಣ ಪಂಪು ಇಟ್ಟರೆ ಒಂದು ದಿನ ತಿರುಗಿ ತಿರುಗಿ ಉಪ್ಪು ಚೆನ್ನಾಗಿ ಕರಗುತ್ತದೆ. ನೀರು ಚಿಮ್ಮಿ ಅಂಚಿನಲ್ಲಿ ಉಪ್ಪು ಕಟ್ಟುವುದು ಮಾಮೂಲು. ಅತ್ತೆ ಕೈ ನಿಲ್ಲಿಸಿ ಆ ಅಂಚನ್ನೇ ನೋಡುತ್ತಿದ್ದರು.

"ಇದಕ್ಕೂ ಕಿಲುಬು ಹತ್ತಿದೆಯಲ್ಲೇ."

"ಪ್ಲಾಸ್ಟಿಕ್ಕಿಗೆ ಎಲ್ಲಿ ಕಿಲುಬು ಹತ್ತುತ್ತೆ ಅತ್ತೆ."

"ಹತ್ತಲ್ಲ ಅಂತ ನಂಗೂ ಗೊತ್ತು. ಮತ್ತೆ ಇದೇನು?"

ಬಗ್ಗಿ ನೋಡಿದೆ. ಮುಚ್ಚಳ ಕೂರುವ ಸುರುಳಿಯ ಕೆಳಗೆ ಕಟ್ಟಿದ ಉಪ್ಪು ಬೆಳ್ಳಗಿರಲಿಲ್ಲ. ತಿಳಿ ಹಸಿರು. ಅತ್ತೆಯ ಕೈಯಲ್ಲಿದ್ದ ಚೊಂಬಿನ ಕಂಠದ ಬಣ್ಣ, ಅದೇ. ಉಗುರಿನಿಂದ ಕೆರೆದೆ. ಉಪ್ಪಿನ ಅಡಿಯಲ್ಲಿ ಗಟ್ಟಿಯಾಗಿ ಹತ್ತಿದ ನೀಲಿ ಹಿಟ್ಟು ಬಂತು. ನೀಲಿ ಡ್ರಮ್ಮಿನ ಮೇಲೆ ನೀಲಿ, ಎರಡು ತಿಂಗಳಿಂದ ಎಷ್ಟು ಸಲ ಒರೆಸಿದ್ದರೂ ನನಗೆ ಕಂಡಿರಲಿಲ್ಲ.

ಹಳೆ ಡ್ರಮ್ಮು ಬಿರುಕು ಬಿಟ್ಟಿತ್ತು. ನಾನು ಪೇಟೆಯಲ್ಲಿ ಹೊಸದು ತರುವ ಮಾತಾಡುತ್ತಿದ್ದಾಗ ಯಜಮಾನರು ತಾವಾಗಿ, ಸುಮ್ಮನೆ ಯಾಕೆ ದುಡ್ಡು ಎಂದು ತೋಟದಿಂದ ಇದನ್ನು ತಂದುಕೊಟ್ಟಿದ್ದರು. ಅದು ಜೂನ್ ಮೊದಲ ವಾರದಲ್ಲಿ. ಈಗ ಅವರಿಗೆ ಫೋನ್ ಮಾಡಿದೆ.

"ರೀ, ಆ ನೀಲಿ ಡ್ರಮ್ಮಲ್ಲಿ ಮುಂಚೆ ಏನಿತ್ತು?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತುತ್ತ ನೆನೆ ಹಾಕ್ತಿದ್ವಿ. ಮೂರು ಸಲ ತೊಳೆದೇ ತಂದಿದ್ದೆ ಕಣೇ."

ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಹಿಡಿಯುವ ಮುಂಚೆ ಕಾಫಿಗೆ ಎಲೆ ತುಕ್ಕು ಬರದಂತೆ, ಅಡಿಕೆಗೆ ಕೊಳೆ ಬರದಂತೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಕಾಫಿ ತುಕ್ಕಿಗೆ ಅದರ ಅರ್ಧ. ತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸುವ ಹಾಗಿಲ್ಲ, ಪ್ಲಾಸ್ಟಿಕ್ ಡ್ರಮ್ಮೇ ಬೇಕು. ಬೆರೆಸಿದ ಮೇಲೆ ಕತ್ತಿಯ ಬಾಯಿ ಅದ್ದಿ ನೋಡುತ್ತಾರೆ, ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಲೆಕ್ಕ. ಆ ಕೆಂಪು ತಾಮ್ರ. ಮೈಲುತುತ್ತದ ತೂಕದಲ್ಲಿ ಕಾಲುಭಾಗ ತಾಮ್ರವೇ.

ಅದೇ ತಾಮ್ರ ಸಮುದ್ರದ ಜೀವಿಗಳಿಗೆ ಹೇಗೆ ಅಂತ ಮಗ ವಿವರಿಸಿದ. ಸಿಗಡಿ, ಬಸವನಹುಳುಗಳ ರಕ್ತದಲ್ಲಿ ನಮ್ಮ ಹಾಗೆ ಕಬ್ಬಿಣವಿಲ್ಲ, ತಾಮ್ರವಿದೆ. ಅದಕ್ಕೇ ಅದು ನೀಲಿ. ಅವುಗಳಿಗೆ ಚೂರು ತಾಮ್ರ ಬೇಕು, ಚೂರು ಹೆಚ್ಚಾದರೆ ಸಾವು. ಮೀನು ತಡೆದುಕೊಳ್ಳುತ್ತದೆ. ಎಷ್ಟೆಂದರೆ, ಮೀನಿಗೆ ಬಿಳಿ ಚುಕ್ಕೆ ರೋಗ ಬಂದಾಗ ಬೇರೆ ಟ್ಯಾಂಕಿಗೆ ಹಾಕಿ ಕೊಡುವ ಔಷಧವೇ ತಾಮ್ರ, ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ. ನಮ್ಮಲ್ಲಿ ಸಿಗಡಿ ಮೊದಲು ಹೋಯಿತು, ಆಮೇಲೆ ಹುಳು, ಆಮೇಲೆ ಹವಳ ಮುದುಡಿತು, ಕ್ಲೌನ್‌ಗಳಿಗೆ ಏನೂ ಆಗಲಿಲ್ಲ. ಸತ್ತ ಸಾಲೇ ಕಾರಣ ಹೇಳುತ್ತಿತ್ತು. ಕ್ಯಾಲೆಂಡರಿನಲ್ಲಿ ನಾನು ನೀರು ಬದಲಿಸಿದ ದಿನ, ನೈಟ್ರೇಟ್ ಎಷ್ಟು ಅಂತ ಗುರುತು ಮಾಡಿದ್ದೆ. ಏನು ಯಾವತ್ತು ಸತ್ತಿತು ಅಂತ ಬರೆದಿರಲಿಲ್ಲ. ಆ ರಾತ್ರಿ ಕುಳಿತು ನೆನಪಿನಿಂದ ಬರೆದೆ. ಬರೆದು ಮುಗಿಸಿದಾಗ ಕರೆಂಟಿನ ಪಾಲಿಗೆ ಉಳಿದದ್ದು ಫೈರ್‌ಫಿಶ್ ಒಂದೇ.

ತಾಮ್ರದ ಟೆಸ್ಟ್ ಕಿಟ್ ಬೆಂಗಳೂರಿನಿಂದ ಕೊರಿಯರಿನಲ್ಲಿ ಬರಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಪೇಟೆಯಿಂದ ಹೊಸ ಬಿಳಿ ಟಬ್ಬು ತಂದು, ಹೊಸ ಬಕೆಟ್ಟಿನಲ್ಲಿ ಉಪ್ಪುನೀರು ಮಾಡಿ, ಅರವತ್ತು ಲೀಟರ್ ತುಂಬಿ, ಹೀಟರ್, ಗುಳ್ಳೆ ಬಿಡುವ ಗಾಳಿಕಲ್ಲು ಹಾಕಿ ಕ್ಲೌನ್ ಜೋಡಿ, ಟೋಡ್‌ಸ್ಟೂಲ್, ಹನ್ನೆರಡು ಜೋಆಂಥಸ್, ಮೂರು ಮಶ್ರೂಮ್, ಉಳಿದಿದ್ದ ಎರಡು ಬಸವನಹುಳು ಎಲ್ಲವನ್ನೂ ಸಾಗಿಸಿದೆ. ಹಳೆ ಕಲ್ಲಿನ ಒಂದು ಚೂರೂ ಜೊತೆಗೆ ಹೋಗದಂತೆ ಹವಳಗಳ ಬುಡ ಬಿಡಿಸಬೇಕಾಯಿತು. ಟೋಡ್‌ಸ್ಟೂಲಿನ ಕಾಂಡವನ್ನು ಬ್ಲೇಡಿನಿಂದ ಕತ್ತರಿಸಿದಾಗ ನನ್ನ ಕೈ ನಡುಗಿತು. ಕಲ್ಲು, ಮರಳಿನಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾ ಟಬ್ಬಿನಲ್ಲಿ ಇಲ್ಲವಲ್ಲ, ಆದ್ದರಿಂದ ದಿನಾ ಹತ್ತು ಲೀಟರ್ ನೀರು ಬದಲಿಸಬೇಕಿತ್ತು.

ಕಿಟ್ ಬಂದ ದಿನ ಮೊದಲು ಹಳೆ ಟ್ಯಾಂಕಿನ ನೀರು ನೋಡಿದೆ. ಬಣ್ಣ 0.1ರ ಚೌಕಕ್ಕೆ ಕೂಡಿತು. ಲೆಕ್ಕ ಹಾಕಿದರೆ 250 ಲೀಟರಿಗೆ 25 ಮಿಲಿಗ್ರಾಂ ತಾಮ್ರ. ಅಷ್ಟಕ್ಕೆ ನೂರು ಮಿಲಿಗ್ರಾಂ ತುತ್ತ ಸಾಕು, ಅಂದರೆ ನಾಲ್ಕೈದು ಅಕ್ಕಿಕಾಳಿನ ತೂಕ. ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಅಡುಗೆಮನೆಗೆ ಹೋಗಿ ನಾಲ್ಕು ಅಕ್ಕಿಕಾಳು ತಂದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು.

"ಇಷ್ಟಕ್ಕೆ," ಅಂದರು.

ಅವರ ತಪ್ಪು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಮೂರು ಸಲ ತೊಳೆದ ಡ್ರಮ್ಮಿನಲ್ಲಿ ದನಕ್ಕೆ ನೀರಿಟ್ಟರೂ ಏನೂ ಆಗುತ್ತಿರಲಿಲ್ಲ.

ಕಾರಣ ಸಿಕ್ಕಿತು. ತೀರ್ಮಾನ ಸಿಕ್ಕಿರಲಿಲ್ಲ. ಡ್ರಮ್ಮು ಎಸೆದು, ನೀರು ಬದಲಿಸಿ, ಇದ್ದದ್ದನ್ನೇ ಮುಂದುವರಿಸಬಹುದಲ್ಲ ಅಂತ ಆಸೆ. ತಾಮ್ರ ಹೀರುವ ರಾಳ ಅಂತ ಸಿಗುತ್ತದೆ, ಸಣ್ಣ ಸಣ್ಣ ಕಾಳು. ಚೀಲದಲ್ಲಿ ಕಟ್ಟಿ ಕೆಳಗಿನ ತೊಟ್ಟಿಯಲ್ಲಿ ಇಟ್ಟೆ. ವಾರದೊಳಗೆ ಅದು ನೀಲಿಗೆ ತಿರುಗತೊಡಗಿತು. ನೀರಿನ ತಾಮ್ರ ಕಿಟ್ಟಿಗೆ ಸಿಗದಷ್ಟು ಇಳಿಯಿತು. ಆದರೆ ನೀರಿನಿಂದ ಹೋದರೆ ಮುಗಿಯಲಿಲ್ಲ. ನಮ್ಮ ಕಲ್ಲು, ಮರಳು ಎರಡೂ ಸುಣ್ಣದ ಜಾತಿ, ಕ್ಯಾಲ್ಸಿಯಂ ಕಾರ್ಬೊನೇಟ್. ತಾಮ್ರ ಅದರ ಮೈಗೆ ಅಂಟಿ ಕೂರುತ್ತದೆ, ತಿಂಗಳುಗಟ್ಟಲೆ ನಿಧಾನ ಬಿಡುತ್ತದೆ. ನಮ್ಮಲ್ಲಿ ಎಷ್ಟು ಅಂಟಿದೆ?

ಯಾರನ್ನು ಕೇಳಿದರೂ ಒಬ್ಬೊಬ್ಬರದು ಒಂದೊಂದು ಮಾತು. ಕೇಳುವುದು ಬಿಟ್ಟು ಮೂರು ಹೊಸ ಬಕೆಟ್ ತಂದೆ. ಮೂರಕ್ಕೂ ಹತ್ತು ಹತ್ತು ಲೀಟರ್ ಹೊಸ ಉಪ್ಪುನೀರು. ಒಂದರಲ್ಲಿ ಟ್ಯಾಂಕಿನ ಒಂದು ಕಲ್ಲು, ಒಂದರಲ್ಲಿ ಒಂದು ಪಾವಿನಷ್ಟು ಮರಳು, ಮೂರನೆಯದು ಬರೀ ನೀರು. ಮೂರಕ್ಕೂ ಗಾಳಿಕಲ್ಲು ಬಿಟ್ಟು ಹತ್ತು ದಿನ ಮುಟ್ಟಲಿಲ್ಲ. ಹನ್ನೊಂದನೇ ದಿನ ನೋಡಿದೆ. ಬರೀ ನೀರಿನಲ್ಲಿ ಬಣ್ಣವೇ ಇಲ್ಲ. ಮರಳಿನ ನೀರಿನಲ್ಲಿ ಸ್ಪಷ್ಟವಾಗಿ ಬಣ್ಣ ಬಂತು. ಕಲ್ಲಿನದು ಕಂಡೂ ಕಾಣದ ಹಾಗೆ. ನಾನು ಇದೆ ಅಂದೆ, ಮಗಳು ಇಲ್ಲ ಅಂದಳು. ಕಿಟಕಿ ಹತ್ತಿರ ಹಿಡಿದು ನೋಡಿದರೆ ಇದೆ, ಟ್ಯೂಬ್‌ಲೈಟಿನಲ್ಲಿ ಇಲ್ಲ.

ಮರಳು ಬಿಡುವುದು ಕಷ್ಟವಾಗಲಿಲ್ಲ. ಕಲ್ಲಿನ ವಿಷಯದಲ್ಲಿ ಮೂರು ದಿನ ತೆಗೆದುಕೊಂಡೆ. ಇಪ್ಪತ್ತೆರಡು ಕೆಜಿ ಕಲ್ಲು, ಮಗ ತಾನೇ ಕೂರಿಸಿ ಕಮಾನು ಕಟ್ಟಿದ್ದು. ಮೂರೂವರೆ ವರ್ಷದಲ್ಲಿ ಅದಕ್ಕೆ ನೇರಳೆ ಬಣ್ಣದ ಸುಣ್ಣಪಾಚಿ ಹತ್ತಿತ್ತು. ಹೊಸ ಕಲ್ಲಿಗೆ ಹತ್ತಲು ವರ್ಷ ಬೇಕು. ಅದನ್ನು ನೋಡುತ್ತಾ ನಿಂತಾಗೆಲ್ಲ, ಇಷ್ಟು ಸ್ವಲ್ಪಕ್ಕೆ ಏನಾಗುತ್ತದೆ, ರಾಳ ಹಾಕಿಕೊಂಡು ಇದ್ದರಾಯಿತು ಅನ್ನಿಸುತ್ತಿತ್ತು. ಟಬ್ಬಿನ ಕಡೆ ಬಂದಾಗ ಬೇರೆ ಅನ್ನಿಸುತ್ತಿತ್ತು. ಟಬ್ಬಿಗೆ ಹಾಕಿದ ಆರನೇ ದಿನ ಟೋಡ್‌ಸ್ಟೂಲ್ ಮೇಣದ ಪೊರೆ ಬಿಟ್ಟಿತ್ತು, ಒಂಬತ್ತನೇ ದಿನ ಅದರ ತಲೆಯ ಮೇಲೆ ಸಣ್ಣ ಸಣ್ಣ ಎಳೆಗಳು ಎದ್ದಿದ್ದವು, ರಾಗಿ ಮೊಳಕೆ ಬಂದ ಹಾಗೆ. ಜೋಆಂಥಸ್ ಹನ್ನೆರಡರಲ್ಲಿ ಏಳು ಬಿಚ್ಚಿದ್ದವು. ಎರಡು ಬಸವನಹುಳುಗಳೂ ಟಬ್ಬಿನ ಗೋಡೆ ಹತ್ತಿದ್ದವು. ಇವಕ್ಕೆ ಇನ್ನೊಂದು ಸಲ ಆ ಕಲ್ಲಿನ ಪಕ್ಕ ಇರು ಅಂತ ಹೇಗೆ ಹೇಳುವುದು? ಇದೆಯೋ ಇಲ್ಲವೋ ಎಂದು ಕಿಟಕಿಗೂ ಟ್ಯೂಬ್‌ಲೈಟಿಗೂ ಓಡಾಡುವ ಅನುಮಾನವನ್ನು ನಾನು ಇಟ್ಟುಕೊಳ್ಳಬಹುದು, ಅವು ಅದರಲ್ಲಿ ಉಸಿರಾಡಬೇಕು.

ಮಗನಿಗೆ ಹೇಳಿದೆ. "ಕಲ್ಲು ತೆಗೀತೀನಿ ಕಣೋ. ನಿನ್ನ ಕಮಾನು ಹೋಗುತ್ತೆ."

"ಹೋಗ್ಲಿ ಬಿಡಮ್ಮ. ಹೊಸದು ನೀನೇ ಕಟ್ಟು." ಆಮೇಲೆ ಕೇಳಿದ, "ಅಂದ್ರೆ ಮುಚ್ಚಲ್ಲ?"

"ಮುಚ್ಚಲ್ಲ."

ಇಷ್ಟಾದ ಮೇಲೆ ಬಿಲ್ಲಿನ ಮಾತು, ಮಳೆಗಾಲದ ಮಾತು ತೆಗೆದು ಕುಳಿತೆವು, ಏಕೆಂದರೆ ಅವು ಎಲ್ಲಿಗೂ ಹೋಗಿರಲಿಲ್ಲ. ಮರಳು ಬೇಡ, ತಳ ಬರೀ ಗಾಜೇ ಇರಲಿ, ಗಸಿ ಕಂಡ ಕೂಡಲೇ ಎಳೆದು ತೆಗೆಯಬಹುದು. ಕಲ್ಲು ಇಪ್ಪತ್ತೆರಡರ ಬದಲು ಹದಿನೈದು ಕೆಜಿ, ಅದೂ ಕಾರ್ಖಾನೆಯಲ್ಲಿ ಮಾಡಿದ್ದು. ಲೈಟು ಎಂಟು ಗಂಟೆಯ ಬದಲು ಆರು. ಟ್ಯಾಂಕಿನ ಹಿಂದೆ, ಪಕ್ಕಗಳಲ್ಲಿ ದಪ್ಪ ಥರ್ಮಾಕೋಲ್ ಅಂಟಿಸಿದೆವು, ಹೀಟರ್ ಉರಿಯುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಎರಡು ಪಂಪಿಗೆ ಮಾತ್ರ ಅಂತ ಬೇರೆಯೇ ಸಣ್ಣ ಇನ್ವರ್ಟರ್ ಬಂತು. ಅದನ್ನು ತಂದವರು ಯಜಮಾನರು, ನಾನು ಕೇಳಿರಲಿಲ್ಲ. ಫೈರ್‌ಫಿಶ್ ಮತ್ತೆ ತರುವುದು ಬೇಡ ಎಂದು ಒಪ್ಪಿಕೊಂಡೆವು.

ಹಳೆ ನೀರನ್ನು ಗಿಡಗಳ ಕಡೆ ಹೋಗದಂತೆ ಬಚ್ಚಲ ಮೋರಿಗೆ ಬಿಟ್ಟೆವು. ಗಾಜು, ಪಂಪು, ಸ್ಕಿಮ್ಮರ್ ಎಲ್ಲವನ್ನೂ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಸಿಟ್ಟೆ. ಹುಣಸೆಹುಳಿ ಕಿಲುಬು ಬಿಡಿಸುವುದೂ ಇದೇ ದಾರಿಯಲ್ಲಿ, ಹುಳಿಗೆ ತಾಮ್ರ ಕರಗಿ ಬರುತ್ತದೆ. ಅತ್ತೆ ಬ್ರಷ್ಷು ಹಿಡಿದು ಪಂಪಿನ ರೆಕ್ಕೆ ಒಂದೊಂದನ್ನೂ ತಿಕ್ಕಿದರು. ಆಮೇಲೆ ಎರಡು ಸಲ ಸಿಹಿನೀರು ತುಂಬಿ ಓಡಿಸಿ ಚೆಲ್ಲಿದ್ದಾಯಿತು.

ಗಣೇಶನನ್ನು ಬಿಟ್ಟು ಬಂದ ಮರುದಿನ ಹೊಸ ಉಪ್ಪುನೀರು ತುಂಬಿದೆವು. ಮುಂದಿನದು ಕಾಯುವ ಕೆಲಸ. ಅಮೋನಿಯಾ ಏರಿ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಹುಟ್ಟಿ, ಅದು ನೈಟ್ರೈಟ್ ಆಗಿ, ಅದನ್ನು ತಿನ್ನುವ ಇನ್ನೊಂದು ಬಗೆ ಹುಟ್ಟಿ, ಕೊನೆಗೆ ಮೀನಿಗೆ ವಿಷವಾದ ಈ ಎರಡೂ ಸೊನ್ನೆಗೆ ಇಳಿಯಬೇಕು. ನಮಗೆ ಐದು ವಾರ ಹಿಡಿಯಿತು. ಆ ಐದು ವಾರ ಖಾಲಿ ಟ್ಯಾಂಕಿನ ಮುಂದೆ ಕುಳಿತು ಅತ್ತೆ ಹೂ ಕಟ್ಟುತ್ತಿದ್ದರು. ಒಳಗೇನೂ ಇಲ್ಲವಲ್ಲ ಅತ್ತೆ ಅಂದರೆ, "ನೀರು ಆಡ್ತದಲ್ಲ," ಅನ್ನುತ್ತಿದ್ದರು. ಪ್ರತಿ ಭಾನುವಾರ ತಾಮ್ರವನ್ನೂ ನೋಡಿದೆ. ಬಣ್ಣ ಬರಲಿಲ್ಲ.

ಕ್ಲೌನ್ ಜೋಡಿಯನ್ನು ದೀಪಾವಳಿಗೆ ಮುಂಚೆ ಬಿಟ್ಟೆ. ದೊಡ್ಡವಳು ಒಂದು ಸುತ್ತು ಹೊಡೆದು ನೇರ ನನ್ನ ಕೈಗೆ ಬಂದು ಕಚ್ಚಿದಳು. ಬಸವನಹುಳುಗಳನ್ನು ಬಿಡಲು ಇನ್ನೂ ಒಂದು ವಾರ ಧೈರ್ಯ ಬರಲಿಲ್ಲ. ಬಿಟ್ಟ ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಾಕಿ ನೋಡಿದೆ. ಬೆಳಿಗ್ಗೆ ಒಂದು ಕಲ್ಲಿನ ಮೇಲಿತ್ತು. ಇನ್ನೊಂದು ಮುಂದಿನ ಗಾಜಿನ ತುದಿಗೆ ಏರಿತ್ತು, ಅದು ಬಂದ ದಾರಿಯುದ್ದಕ್ಕೂ ಮಬ್ಬು ಪಾಚಿಯ ನಡುವೆ ಬೆರಳಗಲ ಸ್ವಚ್ಛ ಗಾಜು, ಅಂಕುಡೊಂಕಾಗಿ, ಕೆಳಗಿನಿಂದ ಮೇಲಿನವರೆಗೆ. ಯಜಮಾನರನ್ನು ಎಬ್ಬಿಸಿ ಕರೆದು ತೋರಿಸಿದೆ.

ಈಗ ಉಪ್ಪುನೀರಿಗೆ ಬಿಳಿ ಡ್ರಮ್ಮು. ಅದರ ಮೇಲೆ ಮಗಳು ಕೆಂಪು ಪೇಂಟಿನಲ್ಲಿ ದೊಡ್ಡದಾಗಿ "ಸಮುದ್ರ" ಅಂತ ಬರೆದಿದ್ದಾಳೆ. ಟೋಡ್‌ಸ್ಟೂಲ್ ಹೊಸ ಕಲ್ಲಿಗೆ ಬೇರು ಹಿಡಿದಿದೆ. ಸಿಗಡಿ ಮಾತ್ರ ಇನ್ನೂ ತಂದಿಲ್ಲ. ಸಂಕ್ರಾಂತಿಗೆ ಮಗ ಊರಿಗೆ ಬರುವಾಗ ತರುತ್ತೇನೆ ಅಂದಿದ್ದಾನೆ.